ಕಡಿಮೆ ಗಾಳಿಗೆ ಎಂಥ ಬೋರ್ಡ್, ಎಷ್ಟು ದೊಡ್ಡ ಹಾಯಿ?

ಕಡಿಮೆ ಗಾಳಿಯಲ್ಲಿ ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಸಿಕ್ಕಿಸಿದ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಹೋಗುವ ಆಟ, ಆಡಬೇಕು ಅನ್ನುವವರು ಮೊದಲು ಕೇಳುವುದು ಹಾಯಿಯ ಅಳತೆ. "ಏಳೂವರೆ ಚದರ ಮೀಟರ್ ಸಾಕಾ, ಒಂಬತ್ತು ಬೇಕಾ?" ಉತ್ತರ ಹೇಳುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನೀರನ್ನು ಸೀಳಿಕೊಂಡು ಆರಾಮಾಗಿ ಹೋದರೂ ನಿಮಗೆ ಖುಷಿಯಾ, ಅಥವಾ ಬೋರ್ಡ್ ನೀರಿನ ಮೇಲೆ ಎದ್ದು ಜಾರಿದರೆ ಮಾತ್ರ ಖುಷಿಯಾ? ಮೊದಲನೆಯದನ್ನು ಇಲ್ಲಿ ತೇಲುಸವಾರಿ ಅನ್ನೋಣ. ಎರಡನೆಯದು ಪ್ಲೇನಿಂಗ್. ಎರಡಕ್ಕೂ ಬೇಕಾಗುವ ಸಾಮಾನು ಬೇರೆ ಬೇರೆ. ಇದನ್ನು ತೀರ್ಮಾನ ಮಾಡದೆ ಕೊಂಡವರ ಹತ್ತಿರ ಹೆಚ್ಚಾಗಿ ಒಂದೇ ಜೋಡಿ ಕಾಣಿಸುತ್ತದೆ: ಚಿಕ್ಕ ಬೋರ್ಡ್, ಅದರ ಮೇಲೆ ದೊಡ್ಡ ಹಾಯಿ. ಅದರಲ್ಲಿ ತೇಲಲೂ ಆಗುವುದಿಲ್ಲ, ಜಾರಲೂ ಆಗುವುದಿಲ್ಲ.

ನನ್ನ ತೂಕ 74 ಕೆಜಿ. ಕೆಳಗಿನ ಅಳತೆಗಳನ್ನು ಹೆಚ್ಚಾಗಿ ಈ ತೂಕದ ಆಸುಪಾಸಿನವರನ್ನು ಮನಸ್ಸಲ್ಲಿ ಇಟ್ಟುಕೊಂಡು ಹೇಳಿದ್ದೇನೆ. ನೀವು 60 ಅಥವಾ 90 ಕೆಜಿ ಇದ್ದರೆ ಅಳತೆ ಬದಲಾಗುತ್ತದೆ, ಆದರೆ ಲೆಕ್ಕ ಹಾಕುವ ರೀತಿ ಅದೇ.

ಮೊದಲು ನಿಮ್ಮ ಗಾಳಿ ಎಷ್ಟು ಅಂತ ತಿಳಿಯಿರಿ

"ಕಡಿಮೆ ಗಾಳಿ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. ನಾನು ಇಲ್ಲಿ ಹೇಳುತ್ತಿರುವುದು 5ರಿಂದ 12 ನಾಟ್, ಅಂದರೆ ಗಂಟೆಗೆ ಸುಮಾರು 9ರಿಂದ 22 ಕಿ.ಮೀ. ಗಾಳಿಯ ಬಗ್ಗೆ. ಅಳೆಯುವ ಯಂತ್ರ ಇಲ್ಲದಿದ್ದರೂ ಪರವಾಗಿಲ್ಲ, ನೀರನ್ನೇ ನೋಡಿ. ಚಿಕ್ಕ ಚಿಕ್ಕ ಅಲೆ ಎದ್ದಿದೆ, ಆದರೆ ತುದಿ ಗಾಜಿನಂತೆ ನುಣ್ಣಗಿದೆ, ಒಡೆಯುತ್ತಿಲ್ಲ ಅಂದರೆ 4ರಿಂದ 6 ನಾಟ್. ತುದಿ ಒಡೆಯಲು ಶುರುವಾಗಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 7ರಿಂದ 10. ಎಲ್ಲಿ ನೋಡಿದರೂ ಆಗಾಗ ಬಿಳಿ ಕಾಣುತ್ತಿದ್ದರೆ 11 ದಾಟಿದೆ. ಇದು ಬ್ಯೂಫೋರ್ಟ್ ಮಾಪನದ ಲೆಕ್ಕ, ತೆರೆದ ಸಮುದ್ರಕ್ಕೆ ಮಾಡಿದ್ದು. ಚಿಕ್ಕ ಕೆರೆಯಲ್ಲಿ ಅಲೆ ಬೆಳೆಯಲು ಜಾಗವೇ ಇರುವುದಿಲ್ಲ. ಹಾಗಾಗಿ ಅಲ್ಲಿ ಕಾಣುವುದಕ್ಕಿಂತ ಗಾಳಿ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಈ ಅಂಕಿಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6 ನಾಟ್ ಗಾಳಿ 12 ಆದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ತಿರುಗಿಸಿ ನೋಡಿದರೆ, 12 ನಾಟ್‌ನಲ್ಲಿ 7 ಚದರ ಮೀಟರ್ ಹಾಯಿ ಕೊಡುವ ಎಳೆತ 6 ನಾಟ್‌ನಲ್ಲೂ ಬೇಕು ಅಂದರೆ 28 ಚದರ ಮೀಟರ್ ಹಾಯಿ ಬೇಕು. ಅಂಥದ್ದನ್ನು ಯಾರೂ ಎತ್ತಲಾರರು. ಅದಕ್ಕೇ ನಿಮ್ಮ ಜಾಗದಲ್ಲಿ ಬಹಳ ದಿನ 8 ನಾಟ್‌ಗಿಂತ ಕಡಿಮೆ ಗಾಳಿಯೇ ಇದ್ದರೆ, ಹಾಯಿ ದೊಡ್ಡದು ಮಾಡುತ್ತಾ ಹೋಗುವುದರಲ್ಲಿ ಪ್ರಯೋಜನ ಇಲ್ಲ. ಬೋರ್ಡ್ ಬದಲಿಸಬೇಕು.

ತೇಲುಸವಾರಿಗೆ ಉದ್ದ ಬೇಕು

ಪ್ಲೇನಿಂಗ್‌ಗೆ ಏರದ ಬೋರ್ಡ್ ತನ್ನದೇ ಅಲೆಯನ್ನು ತಳ್ಳಿಕೊಂಡು ಹೋಗುತ್ತದೆ. ಆ ಸ್ಥಿತಿಯಲ್ಲಿ ಅದರ ಆರಾಮದ ವೇಗ ಉದ್ದದ ಮೇಲೆ ನಿಂತಿದೆ. ದೋಣಿ ಕಟ್ಟುವವರ ಹಳೆಯ ಲೆಕ್ಕ ಒಂದಿದೆ: ನೀರು ಮುಟ್ಟುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬಂದದ್ದು ನಾಟ್‌ನಲ್ಲಿ ವೇಗ. 8 ಅಡಿ ಬೋರ್ಡ್‌ಗೆ 3.8 ನಾಟ್. 12 ಅಡಿಗೆ 4.6. ಕಾಗದದ ಮೇಲೆ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ನೀರಿನ ಮೇಲೆ ಹಾಗಲ್ಲ. 8 ಅಡಿ ಉದ್ದದ ಅಗಲವಾದ ಬೋರ್ಡ್ ಆ ಮಿತಿ ಮುಟ್ಟುತ್ತಿದ್ದಂತೆ ಮೂತಿ ಎತ್ತಿ, ಬಾಲ ಮುಳುಗಿಸಿ ನಿಂತುಬಿಡುತ್ತದೆ. ಕಿರಿದಾದ ಉದ್ದನೆ ಬೋರ್ಡ್ ಅದನ್ನು ಮೀರಿಯೂ ಜಾರಿಕೊಂಡು ಮುಂದೆ ಹೋಗುತ್ತದೆ. ಎರಡು ಬೀಸಿನ ನಡುವೆ ಗಾಳಿ ಸತ್ತಾಗಲೂ ಅದು ಓಟ ಬಿಡುವುದಿಲ್ಲ.

1960ರ ದಶಕದ ಕೊನೆಯಲ್ಲಿ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಮೊದಲ ವಿಂಡ್‌ಸರ್ಫರ್ ಕೂಡ 12 ಅಡಿಯದೇ. ಈಗ ಅದೇ ಆಕಾರವನ್ನು ಹೊಸ ಕಾಲಕ್ಕೆ ಹೊಂದಿಸಿ ವಿಂಡ್‌ಸರ್ಫರ್ ಎಲ್‌ಟಿ ಅಂತ ಮಾಡುತ್ತಾರೆ. 366 ಸೆಂ.ಮೀ. ಉದ್ದ, ಬರೀ 5.7 ಚದರ ಮೀಟರ್ ಹಾಯಿ. ಆ ಪುಟ್ಟ ಹಾಯಿಯಲ್ಲಿ ಅದು 6 ನಾಟ್‌ನಲ್ಲಿ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ನೋಡಿದವರಿಗೆ ಮಾತ್ರ ನಂಬಿಕೆ ಬರುತ್ತದೆ. ಹಳೆಯ ಸಾಮಾನು ಹುಡುಕುವವರು ಮಿಸ್ಟ್ರಲ್ ಒನ್ ಡಿಸೈನ್ ಕಂಡರೆ ಬಿಡಬೇಡಿ. 372 ಸೆಂ.ಮೀ. ಉದ್ದದ ಬೋರ್ಡ್, 7.4ರ ಹಾಯಿ. 1996, 2000, 2004ರ ಒಲಿಂಪಿಕ್ಸ್ ನಡೆದದ್ದು ಅದರ ಮೇಲೆ. ಹಳೆಯದಾದರೂ ಕಡಿಮೆ ಗಾಳಿಯಲ್ಲಿ ಅದರ ಓಟ ಇವತ್ತಿಗೂ ಹೊಸ ಬೋರ್ಡ್‌ಗಳನ್ನು ನಾಚಿಸುತ್ತದೆ.

ಉದ್ದದಷ್ಟೇ ಮುಖ್ಯ ಡ್ಯಾಗರ್‌ಬೋರ್ಡ್, ಅಂದರೆ ಬೋರ್ಡ್‌ನ ನಡುವೆ ಕೆಳಗಿಳಿಯುವ ದೊಡ್ಡ ಅಲಗು. ಇದನ್ನು ಬೇಡ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಫಿನ್, ಅಂದರೆ ಬಾಲದ ಕೆಳಗಿನ ಚಿಕ್ಕ ಅಲಗು, ಬೋರ್ಡ್ ಪಕ್ಕಕ್ಕೆ ಜಾರುವುದನ್ನು ತಡೆಯುವುದು ನೀರಿನ ಹರಿವಿನಿಂದ. ಆ ಬಲವೂ ವೇಗದ ವರ್ಗದ ಲೆಕ್ಕದಲ್ಲೇ ಏರುತ್ತದೆ, ಇಳಿಯುತ್ತದೆ. 16 ನಾಟ್‌ನಲ್ಲಿ ಓಡುವಾಗ ಫಿನ್ ಕೊಡುವ ಹಿಡಿತದ ಹದಿನಾರನೇ ಒಂದು ಭಾಗ ಮಾತ್ರ 4 ನಾಟ್‌ನಲ್ಲಿ ಸಿಗುತ್ತದೆ. ಆ ಕೊರತೆ ತುಂಬಲು ನೀರಿನ ಕೆಳಗೆ ದೊಡ್ಡ ಅಲಗು ಬೇಕೇ ಬೇಕು. ಅದಿಲ್ಲದ ಬೋರ್ಡ್ ಎದುರುಗಾಳಿಗೆ ಹೋಗುತ್ತಿರುವ ಹಾಗೆ ಕಾಣುತ್ತದೆ, ಆದರೆ ದಡದ ಮರ ನೋಡಿದರೆ ನೀವು ಪಕ್ಕಕ್ಕೆ ಕೊಚ್ಚಿಹೋಗುತ್ತಿರುತ್ತೀರಿ. ಕೊನೆಗೆ ಹೊರಟ ಜಾಗಕ್ಕೆ ನಡೆದುಕೊಂಡು ವಾಪಸ್ ಬರಬೇಕು.

ಕೊಳ್ಳುವಾಗ ಡ್ಯಾಗರ್‌ಬೋರ್ಡ್‌ ಅನ್ನು ಕಾಲಿಂದಲೇ ಮೇಲೆ ಕೆಳಗೆ ಮಾಡಿ ನೋಡಿ. ಸುಲಭವಾಗಿ ಸರಿಯಬೇಕು, ಆದರೆ ತಾನಾಗಿ ಬೀಳಬಾರದು. ಗಾಳಿ ಹೋಗುವ ದಿಕ್ಕಿಗೇ ಹೋಗುವಾಗ ಅದನ್ನು ಮೇಲೆತ್ತಬೇಕಾಗುತ್ತದೆ. ಕೆಳಗೇ ಬಿಟ್ಟು ವೇಗ ಏರಿದರೆ ಬೋರ್ಡ್ ಒಂದು ಬದಿ ಎದ್ದು ಮಗುಚಲು ನೋಡುತ್ತದೆ.

ಲೀಟರ್ ಲೆಕ್ಕ

ಬೋರ್ಡ್‌ನ ಗಾತ್ರವನ್ನು ಲೀಟರ್‌ನಲ್ಲಿ ಬರೆದಿರುತ್ತಾರೆ. ಒಂದು ಲೀಟರ್ ಸುಮಾರು ಒಂದು ಕೆಜಿಯನ್ನು ತೇಲಿಸುತ್ತದೆ. ಉಪ್ಪುನೀರಲ್ಲಿ ಒಂಚೂರು ಜಾಸ್ತಿ, ಆದರೆ ಆ ವ್ಯತ್ಯಾಸ ಶೇಕಡ 2–3ರಷ್ಟೇ, ಮರೆತುಬಿಡಿ. ನಾನು 74 ಕೆಜಿ, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೊಳವೆ), ಹಾಯಿ ಸೇರಿ 10, ಬೋರ್ಡ್ 12. ಒಟ್ಟು 96. ಅಂದರೆ 96 ಲೀಟರ್ ಬೋರ್ಡ್ ನನ್ನನ್ನು ಹೊತ್ತಾಗ ಅದರ ಮೈಯೆಲ್ಲ ನೀರೊಳಗೇ ಇರುತ್ತದೆ. ಓಡುತ್ತಿರುವಾಗ ಅದು ಹೇಗೋ ನಡೆಯುತ್ತದೆ. ಗಾಳಿ ನಿಂತ ಕೂಡಲೇ ಮೊಣಕಾಲು ಮಟ್ಟ ನೀರಲ್ಲಿ ನಿಂತು ಹಾಯಿ ಎಳೆಯಬೇಕು. ಹಾಗಾಗಿ ಮೈತೂಕಕ್ಕೆ ಕನಿಷ್ಠ 60 ಲೀಟರ್ ಸೇರಿಸಿ. ಹೊಸಬರಾದರೆ 100 ಸೇರಿಸಿ. ಉದ್ದನೆ ಬೋರ್ಡ್‌ಗಳಲ್ಲಿ 200 ಲೀಟರ್ ದಾಟುವುದು ಮಾಮೂಲು. ಅದು ತೊಂದರೆ ಅಲ್ಲ, ಒಳ್ಳೆಯದೇ.

ಇನ್ನೊಂದು ವಿಷಯ. ಅಲುಗಾಡದೆ ನಿಲ್ಲುವ ಗುಣ ಬರುವುದು ಲೀಟರ್‌ಗಿಂತ ಹೆಚ್ಚಾಗಿ ಅಗಲದಿಂದ. 65 ಸೆಂ.ಮೀ. ಅಗಲದ 200 ಲೀಟರ್ ಬೋರ್ಡ್‌ಗಿಂತ 85 ಸೆಂ.ಮೀ. ಅಗಲದ 170 ಲೀಟರ್ ಬೋರ್ಡ್ ಮೇಲೆ ಹೊಸಬರು ಬೇಗ ನಿಲ್ಲುತ್ತಾರೆ. ಹಾಗಂತ ಅಗಲ ಜಾಸ್ತಿಯಾದಷ್ಟೂ ತೇಲುಸವಾರಿಯ ಓಟ ಕುಗ್ಗುತ್ತದೆ. ಕಲಿಯುವ ಹಂತ ಬೇಗ ಮುಗಿಯುತ್ತದೆ, ಬೋರ್ಡ್ ವರ್ಷಗಟ್ಟಲೆ ಇರುತ್ತದೆ. ನಾನಾದರೆ ಸ್ವಲ್ಪ ಕಿರಿದಾದದ್ದನ್ನೇ ಆರಿಸುತ್ತೇನೆ.

ಗಾಳಿ ತುಂಬುವ ಬೋರ್ಡ್‌ಗಳೂ ಇವೆ. ಸಾಗಿಸಲು, ಮನೆಯಲ್ಲಿ ಇಡಲು ಸುಲಭ. ನಡುವೆ ಫಿನ್ ಅಥವಾ ಡ್ಯಾಗರ್‌ಬೋರ್ಡ್ ಇರುವುದನ್ನೇ ನೋಡಿ. ಪಂಪಿನಲ್ಲಿ ಕಂಪನಿ ಹೇಳಿದಷ್ಟು ಒತ್ತಡ ಪೂರ್ತಿ ತುಂಬಿ, ಇಲ್ಲದಿದ್ದರೆ ಮಾಸ್ಟ್ ನಿಲ್ಲುವ ಜಾಗದಲ್ಲಿ ಬೋರ್ಡ್ ಬಾಗುತ್ತದೆ.

ಪ್ಲೇನಿಂಗ್ ಬೇಕೇ ಬೇಕು ಅಂದರೆ

ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಬೀಸಿ ಎಸೆದಾಗ ಅದು ಮುಳುಗದೆ ಜಿಗಿಯುತ್ತಾ ಹೋಗುತ್ತದಲ್ವಾ, ಪ್ಲೇನಿಂಗ್ ಬಹುಪಾಲು ಅದೇ. ಇಲ್ಲಿ ಉದ್ದ ಅಲ್ಲ, ಅಗಲ ಮುಖ್ಯ. ಅಗಲ ತಳ ಕಡಿಮೆ ವೇಗದಲ್ಲೇ ಮೇಲೇಳುತ್ತದೆ. ಇದನ್ನು ಕೊನೆಯ ತನಕ ಎಳೆದದ್ದು ಫಾರ್ಮುಲಾ ಬೋರ್ಡ್‌ಗಳು: ಒಂದು ಮೀಟರ್ ಹತ್ತಿರದ ಅಗಲ, 70 ಸೆಂ.ಮೀ. ಫಿನ್, 12 ಚದರ ಮೀಟರ್ ದಾಟುವ ಹಾಯಿ. ಪಳಗಿದವರು ಅದರಲ್ಲಿ 8 ನಾಟ್‌ಗೇ ಪ್ಲೇನಿಂಗ್ ಮಾಡುತ್ತಾರೆ. ಆದರೆ ಅದು ರೇಸಿನ ಸಾಮಾನು, ಎತ್ತುವುದು, ತಿರುಗಿಸುವುದು ಎಲ್ಲ ಕಷ್ಟ.

ನಮ್ಮಂಥವರಿಗೆ ಹೊಂದುವುದು ದೊಡ್ಡ ಫ್ರೀರೈಡ್ ಬೋರ್ಡ್, ಅಂದರೆ ರೇಸಿಗಲ್ಲದೆ ಖುಷಿಗೆ ಓಡಿಸುವಂಥದ್ದು. 78ರಿಂದ 85 ಸೆಂ.ಮೀ. ಅಗಲ, 130ರಿಂದ 150 ಲೀಟರ್. ಹಾಯಿಗೆ ಒಂದು ಅಂದಾಜಿನ ಸೂತ್ರ ಹೇಳುತ್ತೇನೆ. ನಿಮ್ಮ ತೂಕವನ್ನು ಗಾಳಿಯ ನಾಟ್‌ನಿಂದ ಭಾಗಿಸಿ 1.35ರಿಂದ ಗುಣಿಸಿ. ನನಗೆ 12 ನಾಟ್‌ಗೆ 8.3 ಬರುತ್ತದೆ, 10 ನಾಟ್‌ಗೆ 10. ಅರವತ್ತು ಕೆಜಿಯವರಿಗೆ 12 ನಾಟ್‌ಗೆ 6.75 ಸಾಕು. ತೊಂಬತ್ತು ಕೆಜಿಯವರಿಗೆ 10 ದಾಟುತ್ತದೆ. ಇದೇ ಸೂತ್ರದಲ್ಲಿ 8 ನಾಟ್ ಹಾಕಿ ನೋಡಿ: ನನಗೆ 12.5. ಅಲ್ಲಿಗೆ ನಾನು ಪ್ಲೇನಿಂಗ್ ಆಸೆ ಬಿಟ್ಟು ಉದ್ದನೆ ಬೋರ್ಡ್ ತೆಗೆಯುತ್ತೇನೆ.

ಫಿನ್ ಹಾಯಿಗೆ ತಕ್ಕ ಹಾಗೆ ಇರಬೇಕು. 8.5ರ ಹಾಯಿಗೆ 46ರಿಂದ 50 ಸೆಂ.ಮೀ. ಫಿನ್. ಬೋರ್ಡ್ ಜೊತೆ ಬಂದ ಚಿಕ್ಕ ಫಿನ್ ಇಟ್ಟುಕೊಂಡು ಒದ್ದಾಡುವವರು ಬಹಳ. ಹಾಯಿ ಎಳೆಯುತ್ತದೆ, ಫಿನ್ ಹಿಡಿಯುವುದಿಲ್ಲ, ಬೋರ್ಡ್ ಪಕ್ಕಕ್ಕೆ ಜಾರುತ್ತದೆ. ಹೊಸ ಹಾಯಿ ಕೊಳ್ಳುವ ಮೊದಲು ದೊಡ್ಡ ಫಿನ್ ಹಾಕಿ ನೋಡಿ. ನೀರಲ್ಲಿ ಕಳೆ ಇದ್ದರೆ ಹಿಂದಕ್ಕೆ ವಾಲಿದ ಫಿನ್ ಬೇಕು, ನೆಟ್ಟಗಿನದ್ದು ಕಳೆಯನ್ನೆಲ್ಲ ಸುತ್ತಿಕೊಳ್ಳುತ್ತದೆ.

ಎರಡೂ ಬೇಕು ಅನ್ನುವವರಿಗೆ ಆರ್‌ಎಸ್‌:ಎಕ್ಸ್ ಒಂದು ದಾರಿ. 286 ಸೆಂ.ಮೀ. ಉದ್ದ, 93 ಸೆಂ.ಮೀ. ಅಗಲ, ಜೊತೆಗೆ ಡ್ಯಾಗರ್‌ಬೋರ್ಡ್. 2008ರಿಂದ ಟೋಕಿಯೊ ತನಕ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಇದೇ, ಗಂಡಸರಿಗೆ 9.5, ಹೆಂಗಸರಿಗೆ 8.5ರ ಹಾಯಿ. ಎಲ್ಲವನ್ನೂ ಮಾಡುತ್ತದೆ. ಆದರೆ ಭಾರ, ಮೈಯಲ್ಲಿ ಕಸುವು ಬೇಕು.

ಹಾಯಿ ಆರಿಸುವಾಗ

ದೊಡ್ಡ ಹಾಯಿಗೆ ತನ್ನದೇ ಬೆಲೆ ಇದೆ. 9.5ರ ಹಾಯಿಗೆ 490 ಸೆಂ.ಮೀ. ಮಾಸ್ಟ್ ಬೇಕು, ಎರಡು ಮೀಟರ್ ದಾಟುವ ಬೂಮ್ ಬೇಕು, ಒಟ್ಟು ಭಾರ 10 ಕೆಜಿ ದಾಟುತ್ತದೆ. ನೀರಿಗೆ ಬಿದ್ದಾಗ ಮಾಸ್ಟ್ ತೂರುವ ತೋಳಿನಲ್ಲಿ ನೀರು ತುಂಬಿ ಇನ್ನೂ ಭಾರವಾಗುತ್ತದೆ. ಕಡಿಮೆ ಗಾಳಿಯಲ್ಲಿ ಹಾಯಿಯನ್ನು ಕೈಯಿಂದ ಬೀಸಿ ಬೀಸಿ ಬೋರ್ಡ್‌ಗೆ ಓಟ ಕೊಡಬೇಕಾಗುತ್ತದೆ. ಆ ಪಂಪಿಂಗ್‌ಗೆ 7.5ರ ಹಗುರ ಹಾಯಿ ಹತ್ತು ಸಲ ಬೀಸಿದರೂ ದಣಿಸುವುದಿಲ್ಲ. 9.5ರದ್ದು ತೋಳು ಕೀಳುತ್ತದೆ. ಆದ್ದರಿಂದ ಸೂತ್ರ 8.3 ಅಂದರೆ ನಾನು 8ಕ್ಕೆ ಇಳಿಯುತ್ತೇನೆ, 9ಕ್ಕೆ ಏರುವುದಿಲ್ಲ.

ಕ್ಯಾಂಬರ್ ಇರುವ ಹಾಯಿ, ಅಂದರೆ ಹಾಯಿಗೆ ಅಡ್ಡಲಾಗಿ ಹಾಕಿದ ಗಟ್ಟಿ ಪಟ್ಟಿಯ ತುದಿಯಲ್ಲಿ ಮಾಸ್ಟ್‌ಗೆ ಕೂರುವ ಕವೆ ಇರುವಂಥದ್ದು, ತನ್ನ ಹೊಟ್ಟೆಯನ್ನು, ಅಂದರೆ ಉಬ್ಬನ್ನು, ಗಾಳಿ ಇಲ್ಲದಾಗಲೂ ಉಳಿಸಿಕೊಳ್ಳುತ್ತದೆ. ಪ್ಲೇನಿಂಗ್‌ಗೆ ಬೇಗ ಏರಿಸುತ್ತದೆ. ಆದರೆ 6 ನಾಟ್‌ನಲ್ಲಿ ದಿಕ್ಕು ಬದಲಿಸಿದಾಗ ಅದು ತಾನಾಗಿ ಮಗ್ಗುಲು ಬದಲಿಸುವುದಿಲ್ಲ, ಕಾಲಿಂದ ಒದೆಯಬೇಕು. ತೇಲುಸವಾರಿಗೆ ಕ್ಯಾಂಬರ್ ಇಲ್ಲದ, ನಾಲ್ಕೈದು ಪಟ್ಟಿಯ ಹಗುರ ಹಾಯಿ ಸಾಕು. ನನ್ನ ತೂಕಕ್ಕೆ 5.7ರಿಂದ 6.5. ಉದ್ದನೆ ಬೋರ್ಡ್‌ಗೆ ಅದಕ್ಕಿಂತ ದೊಡ್ಡದು ಹಾಕಿದರೆ ಭಾರ ಕೂಡುತ್ತದೆ, ಓಟ ಅಷ್ಟಾಗಿ ಕೂಡುವುದಿಲ್ಲ.

ಮಾಸ್ಟ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಾಯಿಯ ಮೇಲೆ ಬೇಕಾದ ಮಾಸ್ಟ್‌ನ ಉದ್ದ ಮತ್ತು ಐಎಂಸಿಎಸ್ ಅನ್ನುವ ಬಿಗುವಿನ ಅಂಕಿ ಮುದ್ರಿಸಿರುತ್ತಾರೆ. ಸಾಮಾನ್ಯವಾಗಿ 430ಕ್ಕೆ 21, 460ಕ್ಕೆ 25, 490ಕ್ಕೆ 29. ಅಂಕಿ ಹೊಂದಿದರೂ ಬಾಗುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಹೊಂದದ ಮಾಸ್ಟ್ ಹಾಕಿದ ಒಳ್ಳೆ ಹಾಯಿಗಿಂತ ಹೊಂದುವ ಮಾಸ್ಟ್ ಹಾಕಿದ ಸಾಧಾರಣ ಹಾಯಿ ಎಷ್ಟೋ ಮೇಲು. ಆದ್ದರಿಂದ ಹಾಯಿ, ಮಾಸ್ಟ್ ಎರಡನ್ನೂ ಒಟ್ಟಿಗೇ ಆರಿಸಿ. ದುಡ್ಡು ಕೂಡಿದರೆ ಕಾರ್ಬನ್ ಜಾಸ್ತಿ ಇರುವ ಮಾಸ್ಟ್‌ಗೆ ಹಾಕಿ, ತಲೆಯ ಮೇಲಿನ ಭಾರ ಇಳಿಯುವುದು ಕೈಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಕಟ್ಟುವ ರೀತಿ. ಮೊದಲು ಡೌನ್‌ಹಾಲ್ ಹಗ್ಗವನ್ನು, ಅಂದರೆ ಹಾಯಿಯನ್ನು ಮಾಸ್ಟ್‌ನ ಬುಡಕ್ಕೆ ಎಳೆಯುವ ಹಗ್ಗವನ್ನು, ಹಾಯಿಯ ಮೇಲೆ ಬರೆದ ಅಳತೆಗೆ ಎಳೆಯಿರಿ. ಹಾಯಿಯನ್ನು ನೆಲದ ಮೇಲೆ ಮಲಗಿಸಿ ತುದಿಯ ಕಡೆ ನೋಡಿ. ಮೇಲಿನ ಎರಡು ಪಟ್ಟಿಗಳ ನಡುವೆ ಹಿಂಬದಿಯ ಅಂಚು ಸಡಿಲವಾಗಿ ತೊನೆಯುತ್ತಿರಬೇಕು. ಕಡಿಮೆ ಗಾಳಿಗೆ ಅಲ್ಲಿಂದ ಒಂದೆರಡು ಸೆಂ.ಮೀ. ಹಗ್ಗ ಬಿಡಿ. ಸಡಿಲ ಕಡಿಮೆಯಾಗಿ ಎಳೆತ ಕೂಡುತ್ತದೆ. ಪೂರ್ತಿ ಬಿಟ್ಟುಬಿಟ್ಟರೆ ಪಟ್ಟಿಗಳು ಮಾಸ್ಟ್ ಮೇಲೆ ಸಿಕ್ಕಿಕೊಂಡು ತಿರುಗುವುದಿಲ್ಲ. ಆಮೇಲೆ ಔಟ್‌ಹಾಲ್, ಅಂದರೆ ಹಾಯಿಯ ಹಿಂದಿನ ಮೂಲೆಯನ್ನು ಬೂಮ್‌ನ ತುದಿಗೆ ಎಳೆಯುವ ಹಗ್ಗ. ಅದನ್ನು ಬಿಟ್ಟಷ್ಟೂ ಹಾಯಿಗೆ ಹೊಟ್ಟೆ ಬರುತ್ತದೆ. ಗಾಳಿ ಬಂದಾಗ ಬಟ್ಟೆ ಬೂಮ್‌ಗೆ ಮುಟ್ಟೀ ಮುಟ್ಟದ ಹಾಗಿದ್ದರೆ ಸರಿ. ಒಂದು ಎಚ್ಚರ: ಗಾಳಿ 5 ನಾಟ್‌ಗೂ ಕಡಿಮೆ ಇದ್ದರೆ ಹೊಟ್ಟೆ ತುಂಬಾ ಬೇಡ. ಅಷ್ಟು ನಿಧಾನದ ಗಾಳಿ ಆಳವಾದ ತಿರುವಿಗೆ ಅಂಟಿಕೊಂಡು ಹರಿಯಲಾರದೆ ಬಿಟ್ಟುಹೋಗುತ್ತದೆ. ಔಟ್‌ಹಾಲ್ ಎರಡು ಸೆಂ.ಮೀ. ಎಳೆದು ನೋಡಿ, ಬೋರ್ಡ್ ಎಚ್ಚೆತ್ತ ಹಾಗೆ ಓಡುತ್ತದೆ.

ಸಾಮಾನು ಸಾಲದು ಅನ್ನುವ ಮೊದಲು ಒಂದು ಪರೀಕ್ಷೆ ಮಾಡಿ. ಉದ್ದನೆ ಬೋರ್ಡ್ ಮೇಲೆ ಹೋಗುತ್ತಾ ಬಾಲದ ಸದ್ದು ಕೇಳಿ. ಹಿಂದಿನಿಂದ ಗುಳುಗುಳು ಅಂತ ನೀರು ಸುಳಿಯುವ ಸದ್ದು ಬರುತ್ತಿದ್ದರೆ ನೀವು ತುಂಬಾ ಹಿಂದೆ ನಿಂತಿದ್ದೀರಿ, ಬಾಲ ನೀರನ್ನು ಎಳೆದುಕೊಂಡು ಹೋಗುತ್ತಿದೆ. ಒಂದು ಹೆಜ್ಜೆ ಮುಂದೆ, ಮಾಸ್ಟ್‌ನ ಬುಡದ ಹತ್ತಿರ ಬನ್ನಿ. ಸದ್ದು ನಿಲ್ಲುತ್ತದೆ, ಮೂತಿಯ ಕೆಳಗೆ ಸಣ್ಣಗೆ ಚಟಪಟ ಶುರುವಾಗುತ್ತದೆ, ಬೋರ್ಡ್ ಹಿಂದಿನ ನೀರು ನುಣ್ಣಗಾಗುತ್ತದೆ. ಎಷ್ಟೋ ಸಲ ಒಂದು ಚದರ ಮೀಟರ್ ಹಾಯಿ ಕೊಡುವುದಕ್ಕಿಂತ ಜಾಸ್ತಿ ಓಟ ಈ ಒಂದು ಹೆಜ್ಜೆಯಿಂದ ಸಿಗುತ್ತದೆ.

ಫಾಯಿಲ್ ಬಗ್ಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆರ್‌ಎಸ್‌:ಎಕ್ಸ್ ಜಾಗಕ್ಕೆ ಬಂದದ್ದು ಐಕ್ಯೂಫಾಯಿಲ್. ಬೋರ್ಡ್ ಕೆಳಗೆ ಕಂಬ, ಕಂಬದ ತುದಿಗೆ ರೆಕ್ಕೆ. ರೆಕ್ಕೆ ನೀರೊಳಗೇ ಇದ್ದು ಬೋರ್ಡ್‌ ಅನ್ನು ಗಾಳಿಗೆ ಎತ್ತುತ್ತದೆ. ಆರಾಮಿನ ಸವಾರಿಗೆ ಮಾಡಿದ ದೊಡ್ಡ ರೆಕ್ಕೆ, ಅಂದರೆ 1500 ಚದರ ಸೆಂ.ಮೀ. ಅಥವಾ ಅದಕ್ಕೂ ಮೇಲಿನದ್ದು ಇದ್ದರೆ, 9–10 ನಾಟ್‌ಗೆ 6ರ ಹಾಯಿಯಲ್ಲೇ ಹಾರಬಹುದು. ದೊಡ್ಡ ಹಾಯಿಯ ಭಾರ ತಪ್ಪುತ್ತದೆ ಅನ್ನುವುದು ದೊಡ್ಡ ಲಾಭ.

ಆದರೆ ಕೆಲವು ಷರತ್ತು. ಫಾಯಿಲ್ ಹೊರಲು ಗಟ್ಟಿ ಮಾಡಿದ ಫಿನ್ ಬಾಕ್ಸ್ (ಫಿನ್ ಕೂರುವ ಗೂಡು) ಇರುವ ಬೋರ್ಡೇ ಬೇಕು, ಹಳೆಯ ಬೋರ್ಡ್‌ಗೆ ಸುಮ್ನೆ ಸಿಕ್ಕಿಸಿದರೆ ಬಾಕ್ಸ್ ಕಿತ್ತುಬರುತ್ತದೆ. ನೀರು ಎದೆಮಟ್ಟ ಆದರೂ ಇರಬೇಕು. ಹೆಲ್ಮೆಟ್, ತೇಲುವ ಜಾಕೆಟ್ ಇಲ್ಲದೆ ಹತ್ತಬೇಡಿ, ರೆಕ್ಕೆ ಹರಿತ. ವಿಂಡ್‌ಸರ್ಫಿಂಗ್‌ಗೇ ಹೊಸಬರಾದರೆ ಮೊದಲು ಮಾಮೂಲಿ ಬೋರ್ಡ್ ಮೇಲೆ ಹಾರ್ನೆಸ್ (ಮೈಯನ್ನು ಬೂಮ್‌ಗೆ ಸಿಕ್ಕಿಸುವ ಸೊಂಟಪಟ್ಟಿ) ಹಾಕಿ ಹೋಗುವಷ್ಟು ಕಲಿಯಿರಿ.

ಹಳೆಯ ಬೋರ್ಡ್ ಕೊಳ್ಳುವಾಗ

ಮಾಸ್ಟ್ ಸಿಕ್ಕಿಸುವ ಹಳಿಯ ಸುತ್ತ, ಕಾಲು ಊರುವ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ ಒಳಗಿನ ಪದರ ಬಿಟ್ಟಿದೆ. ಬೆರಳ ಗೆಣ್ಣಿಂದ ತಟ್ಟುತ್ತಾ ಹೋಗಿ, ಸದ್ದು ಒಮ್ಮೆಲೇ ಡೊಳ್ಳಾದ ಕಡೆ ಅನುಮಾನ ಪಡಿ. ಬೋರ್ಡ್ ಇರಬೇಕಾದ ಭಾರಕ್ಕಿಂತ ಎರಡು ಮೂರು ಕೆಜಿ ಜಾಸ್ತಿ ತೂಗಿದರೆ ಒಳಗೆ ನೀರು ಕುಡಿದಿದೆ, ಬಿಟ್ಟುಬಿಡಿ. ಮೇಲಿನ ಗೀರು, ಮಾಸಿದ ಬಣ್ಣ ಲೆಕ್ಕಕ್ಕಿಲ್ಲ. ಹಾಯಿಯ ಪಾರದರ್ಶಕ ಭಾಗ ಬಿಸಿಲಿಗೆ ಹಳದಿಯಾಗಿ, ಮಡಿಸಿದರೆ ಚರಚರ ಅನ್ನುತ್ತಿದ್ದರೆ ಅದು ಬೇಗ ಸೀಳುತ್ತದೆ.

ಬೋರ್ಡ್ ಉದ್ದ ಇರಲಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಡಿಮೆ ಗಾಳಿ ಯಾವಾಗ ಬೇಕಾದರೂ ಪೂರ್ತಿ ನಿಲ್ಲಬಹುದು. ಅದರಲ್ಲೂ ದಡದಿಂದ ಆಚೆಗೆ ಬೀಸುವ ಗಾಳಿ ದಡದ ಹತ್ತಿರ ತಣ್ಣಗೆ ಇದ್ದು ಮುಂದೆ ಜೋರಾಗಿರುತ್ತದೆ, ಆ ದಿನ ಒಬ್ಬರೇ ಇಳಿಯಬೇಡಿ. ಗಾಳಿ ನಿಂತರೆ ಬೂಮ್‌ ಅನ್ನು ಬೋರ್ಡ್‌ನ ಬಾಲದ ಮೇಲೆ, ಹಾಯಿ ನೀರು ಮುಟ್ಟದ ಹಾಗೆ ಮಲಗಿಸಿ. ಬೋರ್ಡ್ ಮೇಲೆ ಬೋರಲು ಮಲಗಿ ಎರಡೂ ಕೈಯಿಂದ ನೀರು ಎಳೆಯುತ್ತಾ ಬನ್ನಿ. 12 ಅಡಿಯ ಬೋರ್ಡ್ ಹೀಗೆ ನೆಟ್ಟಗೆ ದಡಕ್ಕೆ ಬರುತ್ತದೆ. ಚಿಕ್ಕ ಅಗಲ ಬೋರ್ಡ್ ಒಂದೊಂದು ಎಳೆತಕ್ಕೂ ಮೂತಿ ತಿರುಗಿಸುತ್ತದೆ. ಅದರ ಮೇಲೆ ಹೋಗುವವರು ಹಾಯಿ ಸುತ್ತಿ ಕಟ್ಟಲು ಒಂದು ತುಂಡು ಹಗ್ಗವನ್ನು ಹಾರ್ನೆಸ್‌ಗೆ ಸಿಕ್ಕಿಸಿಕೊಂಡಿರಿ.